ಅತ್ತಿಗೆಯ ಕ್ರೀಮೂ ನೇರಳಾತೀತ ಕಿರಣವೂ

ರಸಾಯನಶಾಸ್ತ್ರ ಕಲಿಸುವವನಿಗೆ ಒಂದು ಖಾಯಂ ದುಃಖವಿದೆ. ಅವನ ವಿಷಯದ ಬಗ್ಗೆ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಕನ್ನಡದ ಮೇಷ್ಟ್ರ ಹತ್ತಿರ ಮದುವೆ ಕಾಗದದ ಕರಡು ತಿದ್ದಿಸಿಕೊಳ್ಳುತ್ತಾರೆ. ಇತಿಹಾಸದವರನ್ನು ಬನವಾಸಿಗೆ ಬಂದ ನೆಂಟರ ಜೊತೆ ಕಳಿಸುತ್ತಾರೆ. ಸಸ್ಯಶಾಸ್ತ್ರದವರ ಮನೆಗಂತೂ ಜನ ಕೊಳೆತ ಎಲೆ, ತೂತು ಬಿದ್ದ ಕಾಯಿ ಹಿಡಿದುಕೊಂಡು ಆಸ್ಪತ್ರೆಗೆ ಬಂದ ಹಾಗೆ ಬರುತ್ತಾರೆ. ನನ್ನ ಹತ್ತಿರ ಬಂದವರು ಕೇಳುವುದು ಒಂದೇ: "ನೀವು ಕೆಮಿಸ್ಟ್ರಿಯವರಲ್ವಾ, ಈ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ?" ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತ ದಾಸನಕೊಪ್ಪದ ಹಿರಿಯರೊಬ್ಬರು ನನ್ನ ಉದ್ಯೋಗ ಕೇಳಿ ಬಹಳ ಸಂತೋಷಪಟ್ಟು, "ಹೌದೇನ್ರಿ! ಹಂಗಾರ ನಿಮ್ಮ ಅಂಗಡಿ ಎಲ್ಲಿ ಬರತೈತ್ರಿ?" ಎಂದರು. ಇಪ್ಪತ್ತೆರಡು ವರ್ಷ ಶಿರಸಿಯ ಕಾಲೇಜಿನಲ್ಲಿ ಪಾಠ ಮಾಡಿ ಇಂಥ ಮರ್ಯಾದೆಗೆ ಒಗ್ಗಿಹೋದವನ ಮುಂದೆ ಯಾರಾದರೂ ಬಂದು ನೇರವಾಗಿ ಅವನ ವಿಷಯದ್ದೇ ಪ್ರಶ್ನೆ ಕೇಳಿಬಿಟ್ಟರೆ ಏನಾಗಬೇಡ? ನನಗೆ ಆಗಿದ್ದೂ ಅದೇ. ತಲೆ ನೆಟ್ಟಗೆ ನಿಲ್ಲಲಿಲ್ಲ.

ಕೇಳಿದವರು ಭಾಗೀರಥಿ ಅತ್ತಿಗೆ, ನನ್ನ ಹೆಂಡತಿ ಸುಮನಾಳ ಅಕ್ಕ. ಇರುವುದು ಹೆಗ್ಗರಣೆಯಲ್ಲಿ. ಅಲ್ಲಿ ಅವರೂ ಸೇರಿ ಎಂಟು ಜನ ಹೆಂಗಸರು ಹಲಸಿನ ಹಪ್ಪಳ ಮಾಡುತ್ತಾರೆ. ಹಪ್ಪಳ ತಟ್ಟುವುದು ನೆರಳಿನ ಕೆಲಸವಾದರೂ ಒಣಗಿಸುವುದು ಬಿಸಿಲಿನ ಕೆಲಸ. ಚಾಪೆ ಹಾಸಬೇಕು, ಹರಡಬೇಕು, ಮಗುಚಬೇಕು, ನಡುನಡುವೆ ಕಾಗೆ ಓಡಿಸಬೇಕು. ಎರಡು ತಿಂಗಳು ಇದನ್ನು ಮಾಡಿದರೆ ಹಪ್ಪಳದ ಜೊತೆ ಹೆಂಗಸರ ಮುಖವೂ ಒಣಗಿ ಸಿಪ್ಪೆ ಏಳುತ್ತದೆ. ಇದಕ್ಕೆ ಪರಿಹಾರವೆಂದು ಅತ್ತಿಗೆ ಮುರುಗಲು, ಅಂದರೆ ಕೋಕಂ ಹುಳಿಯ ಬೀಜದ ತುಪ್ಪಕ್ಕೆ ಅರಿಶಿನ, ಲೋಳೆಸರ, ಇನ್ನೇನೇನೋ ಸೇರಿಸಿ ಒಂದು ಕ್ರೀಮು ಕುದಿಸಿದ್ದರು. ಹಚ್ಚಿಕೊಂಡವರಿಗೆಲ್ಲ ಹಿತವಾಯಿತಂತೆ. ಅಷ್ಟರಲ್ಲಿ ಸಿದ್ದಾಪುರದಲ್ಲಿ ಮಹಿಳೆಯರು ಮಾಡಿದ ವಸ್ತುಗಳ ಮಾರಾಟ ಮೇಳವೆಂದು ಗೊತ್ತಾಗಿ, ಅಲ್ಲಿ ಇದನ್ನೂ ಇಡುವುದೆಂದು ತೀರ್ಮಾನವಾಯಿತು. ಆದರೆ ಮೇಳ ನಡೆಸುವವರು ಒಂದು ಮಾತು ಹೇಳಿದ್ದರು: ಸೀಸೆಯ ಮೇಲೆ "ಬಿಸಿಲು ತಡೆಯುತ್ತದೆ" ಎಂದು ಬರೆಯುವುದಾದರೆ ಯಾರಾದರೂ ತಿಳಿದವರು ಪರೀಕ್ಷೆ ಮಾಡಿರಬೇಕು.

ಹೀಗಾಗಿ ಅತ್ತಿಗೆ ಜಾಮಿನ ಹಳೇ ಸೀಸೆಯಲ್ಲಿ ಕ್ರೀಮು ತುಂಬಿಕೊಂಡು ನಮ್ಮ ಮನೆಗೆ ಬಂದರು. ಚಾ ಕುಡಿದು ಲೋಟ ಕೆಳಗಿಟ್ಟು, "ಭಾವ, ಕ್ರೀಮು ಬಿಸಿಲನ್ನ ಹೆಂಗೆ ತಡೀತು? ಕೊಡೆ ಆದ್ರೆ ಅಡ್ಡ ಬತ್ತು, ಗೊತ್ತಾಗ್ತು. ಕ್ರೀಮು ಹಚ್ಚಿದ್ರೆ ಕಾಣದೂ ಇಲ್ಲೆ. ಒಳಗೆ ಎಂತ ಆಗ್ತು?" ಎಂದರು.

ಓದುಗ ಮಹಾಶಯರೇ, ಇಪ್ಪತ್ತೆರಡು ವರ್ಷ ಕಾದ ಪ್ರಶ್ನೆ ಅದು. ನಾನು ಎದ್ದು ನಿಂತೆ. ಸುಮನಾ ಒಳಗೆ ಹೋಗಿ ಅಕ್ಕಿ ಆರಿಸತೊಡಗಿದಳು, ಏಕೆಂದರೆ ನಾನು ಎದ್ದು ನಿಂತರೆ ಎಷ್ಟು ಹೊತ್ತಾಗುತ್ತದೆ ಎಂಬುದು ಅವಳಿಗೆ ಗೊತ್ತು.

ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಜೊತೆ ಕಾಣದ ಬೆಳಕೂ ಇರುತ್ತದೆ, ಅದರಲ್ಲಿ ನೇರಳೆಯ ಆಚೆಗಿನದೇ ನೇರಳಾತೀತ, ಚರ್ಮ ಸುಡುವ ಪುಂಡ ಅದೇ ಎಂದು ಶುರುಮಾಡಿದೆ. ಪ್ರತಿ ಅಣುವಿನೊಳಗೂ ಎಲೆಕ್ಟ್ರಾನುಗಳಿರುತ್ತವೆ, ಅವು ಬೇಕಾದಲ್ಲಿ ಇರುವಂತಿಲ್ಲ, ಗೊತ್ತಾದ ಮೆಟ್ಟಿಲುಗಳ ಮೇಲೆಯೇ ಇರಬೇಕು ಎಂದೆ. ಬೆಳಕು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬರುತ್ತದೆ. ಕೆಳಗಿನ ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಏರಲು ಎಷ್ಟು ಶಕ್ತಿ ಬೇಕೋ ಸರಿಯಾಗಿ ಅಷ್ಟೇ ಶಕ್ತಿಯ ಪೊಟ್ಟಣ ಬಂದರೆ ಎಲೆಕ್ಟ್ರಾನು ಅದನ್ನು ನುಂಗಿ ಮೇಲಕ್ಕೆ ನೆಗೆಯುತ್ತದೆ. ಬೆಳಕು ಅಲ್ಲಿಗೆ ಮುಗಿಯಿತು, ಚರ್ಮದವರೆಗೆ ಹೋಗುವುದಿಲ್ಲ.

"ಹಾರಿದ್ದು ಮೇಲೇ ಕೂತ್ಕತ್ತ?"

"ಇಲ್ಲೆ ಅತ್ತಿಗೆ, ಕ್ಷಣದಲ್ಲೇ ಕೆಳಗೆ ಬತ್ತು. ನುಂಗಿದ ಶಕ್ತಿಯನ್ನ ಚೂರು ಬಿಸಿ ಮಾಡಿ ಬಿಟ್ಟುಬಿಡ್ತು. ಮತ್ತೆ ಹಾರಲೆ ತಯಾರು."

"ದಿನವಿಡೀ ಹಿಂಗೇ ಹಾರದು, ಇಳಿಯದು?"

"ಹೌದು."

"ಪಾಪ" ಎಂದರು ಅತ್ತಿಗೆ. ಹಪ್ಪಳ ಒಣಗಿಸುವವರಿಗಷ್ಟೇ ಬರಬಹುದಾದ ಮರುಕ ಅದು. ಆಮೇಲೆ, "ಹಂಗಾರೆ ಎಲ್ಲಾದರಲ್ಲೂ ಎಲೆಕ್ಟ್ರಾನು ಇದ್ದಲ. ಎಲ್ಲಾದೂ ಬಿಸಿಲು ತಡಿಬೇಕಾತಲ. ಎಂತಕ್ಕೆ ತಡಿತಿಲ್ಲೆ?" ಎಂದು ಕೇಳಿದರು. ಈ ಪ್ರಶ್ನೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಈವರೆಗೆ ಕೇಳಿಲ್ಲ. ನಾನು ಗಾಳಿಯಲ್ಲಿ ಕೈಯಾಡಿಸುತ್ತ, ಅಣುವಿನಲ್ಲಿ ಒಂದು ಬಿಟ್ಟು ಒಂದು ಜೋಡಿ ಬಂಧಗಳ ಸಾಲಿದ್ದರೆ ಎಲೆಕ್ಟ್ರಾನುಗಳು ಸಡಿಲವಾಗಿ ಓಡಾಡಿಕೊಂಡಿರುತ್ತವೆ, ಅವಕ್ಕೆ ಮೆಟ್ಟಿಲು ಗಿಡ್ಡ, ಬಿಸಿಲಿನ ನೇರಳಾತೀತವೇ ಸಾಕಾಗುತ್ತದೆ ಎಂದೆ. ಎಣ್ಣೆ ತುಪ್ಪಗಳಲ್ಲಿ ಎಲೆಕ್ಟ್ರಾನು ಬಿಗಿಯಾಗಿ ಕಟ್ಟಿಹಾಕಿದ ಹಾಗಿರುತ್ತದೆ, ಮೆಟ್ಟಿಲು ಎತ್ತರ, ಅಷ್ಟು ಬೆಳಕು ಸಾಲುವುದಿಲ್ಲ ಎಂದು ವಿವರಿಸಿದೆ. ಈ ಮಾತನ್ನು ದಯವಿಟ್ಟು ಗಮನಿಸಿ. ಹೇಳಿದವನು ನಾನೇ. ತುಪ್ಪದ ಸೀಸೆ ನನ್ನ ಕೈಯಲ್ಲೇ ಇತ್ತು.

ಮರುದಿನ ಮಧ್ಯಾಹ್ನ ಸೀಸೆಯನ್ನು ಕಾಲೇಜಿಗೆ ಒಯ್ದೆ. ನಮ್ಮ ಪ್ರಯೋಗಾಲಯದಲ್ಲಿ ಬೆಳಕು ಹೀರುವುದನ್ನು ಅಳೆಯುವ ಯಂತ್ರ ಒಂದಿದೆ. ಬಟ್ಟೆಯ ಮುಸುಕು, ಮೇಲೆ ಆಯುಧಪೂಜೆಯ ಕುಂಕುಮ. ಅದರೊಳಗೆ ಪಕ್ಕಪಕ್ಕದಲ್ಲಿ ಎರಡು ಪುಟ್ಟ ಚೌಕನೆಯ ಕೊಳವೆಗಳನ್ನು ಇಡಬೇಕು. ಒಂದರಲ್ಲಿ ಬರೀ ದ್ರಾವಕ, ಇನ್ನೊಂದರಲ್ಲಿ ಪರೀಕ್ಷೆಯ ವಸ್ತು ಕರಗಿಸಿದ ದ್ರಾವಕ. ಎರಡರ ಮೂಲಕವೂ ಬೆಳಕು ಹಾಯ್ದು, ಎಷ್ಟು ವ್ಯತ್ಯಾಸವಾಯಿತೆಂದು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಯಂತ್ರವನ್ನು ನೋಡಿಕೊಳ್ಳುವವರು ರಜಾಕ್ ಸಾಹೇಬರು, ನಮ್ಮ ಪ್ರಯೋಗಾಲಯದ ಸಹಾಯಕರು. ನಾನು ಕೆಲಸಕ್ಕೆ ಸೇರುವ ಮೊದಲೇ ಅವರು ಇಲ್ಲಿದ್ದರು. ಕಡಿಮೆ ಮಾತು. ಆ ದಿನ ಅವರು ನಮಾಜಿಗೆ ಹೋಗಿದ್ದರಿಂದ ನಾನೇ ಎಲ್ಲ ಮಾಡಿದೆ. ಇದನ್ನೂ ಗಮನಿಸಿ.

ಗೆರೆ ಮೊದಲು ಅರಿಶಿನದ ಬಣ್ಣದ ಕಡೆ ಒಂದು ಸಣ್ಣ ದಿಬ್ಬ ಹತ್ತಿ ಇಳಿಯಿತು. ಮುಂದೆ ನೇರಳಾತೀತದ ಸೀಮೆಗೆ ಕಾಲಿಟ್ಟು ಸ್ವಲ್ಪ ದೂರ ಹೋಗಿದ್ದೇ ತಡ, ಗೋಡೆ ಎದ್ದ ಹಾಗೆ ಸೀದಾ ಮೇಲಕ್ಕೆ ಹೋಗಿ ಪರದೆಯ ತುದಿಗೆ ಅಂಟಿಕೊಂಡಿತು. ಅಲ್ಲಿಂದಾಚೆ ಒಂದು ಕಿರಣವೂ ದಾಟಿಲ್ಲ! ಪೇಟೆಯಲ್ಲಿ ಸಿಗುವ ಯಾವ ಕ್ರೀಮೂ ಹೀಗೆ ಹೀರಲಿಕ್ಕಿಲ್ಲ. ನಾನು ಪ್ರಯೋಗಾಲಯದಲ್ಲಿ ಒಬ್ಬನೇ ಎರಡು ಸುತ್ತು ಕುಣಿದೆ. ಎಲೆಕ್ಟ್ರಾನುಗಳಿಗಿಂತ ಹೆಚ್ಚು ಹಾರಿದವನು ನಾನು, ಅವಾದರೂ ಕ್ಷಣದಲ್ಲಿ ಕೆಳಗಿಳಿಯುತ್ತವೆ. ಅತ್ತಿಗೆಗೆ ಫೋನು ಹಚ್ಚಿ, "ಅತ್ತಿಗೆ, ನಿನ್ನ ಕ್ರೀಮು ಬಿಸಿಲನ್ನ ಪೂರಾ ಕುಡಿದು ಹಾಕ್ತು!" ಎಂದು ಕೂಗಿದೆ. ಆ ಕಡೆಯಿಂದ ಎಂಟೂ ಹೆಂಗಸರು ಒಟ್ಟಿಗೆ ಕೂಗಿದ್ದು ಕೇಳಿಸಿತು. ನನ್ನ ಜೀವಮಾನದಲ್ಲಿ ಯಾವ ಪ್ರಯೋಗಕ್ಕೂ ಅಂಥ ಸ್ವಾಗತ ಸಿಕ್ಕಿರಲಿಲ್ಲ.

ಎರಡೇ ದಿನದಲ್ಲಿ ಅತ್ತಿಗೆ ಶಿರಸಿಯ ಛಾಪಖಾನೆಯಲ್ಲಿ ಚೀಟಿ ಅಚ್ಚು ಹಾಕಿಸಿದರು. ಮಧ್ಯದಲ್ಲಿ ನಾನು ಕೊಟ್ಟ ಗೆರೆಯ ಚಿತ್ರ, ಮೇಲೆ "ಬಿಸಿಲು ಕುಡಿಯುವ ಕ್ರೀಮು", ಕೆಳಗೆ "ಪ್ರೊಫೆಸರರಿಂದ ಪರೀಕ್ಷಿಸಲ್ಪಟ್ಟಿದೆ" ಎಂದು ನನ್ನ ಹೆಸರು. ನಾನು ಪ್ರೊಫೆಸರ್ ಅಲ್ಲ. ತಿದ್ದಲು ಮನಸ್ಸು ಬರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಹುಚ್ಚು ಏರಿತು. ಮುರುಗಲು ತುಪ್ಪದಲ್ಲೇ ಇಂಥ ಗುಣವಿದ್ದರೆ ನಮ್ಮ ಸೀಮೆಯ ಉಳಿದ ಪದಾರ್ಥಗಳಲ್ಲಿ ಏನೇನಿರಬೇಡ! ತೆಂಗಿನೆಣ್ಣೆ ಇಟ್ಟು ನೋಡಿದೆ, ಗೋಡೆ ಎದ್ದಿತು. ಮುರುಗಲು ಸಿಪ್ಪೆಯ ನೀರು, ಗೋಡೆ. ಸುಮನಾಳ ಸೀಗೆ ನೀರು, ಗೋಡೆ. ಮನೆಯಿಂದ ಅಪ್ಪೆಹುಳಿಯನ್ನು ಸೋಸಿ ಸಣ್ಣ ಡಬ್ಬಿಯಲ್ಲಿ ಒಯ್ದು ಇಟ್ಟೆ. ಮಾವಿನ ಮಿಡಿಯ ಆ ಸಾರು ಬೆಳಕನ್ನು ಹೀರಿದ ರೀತಿ ನೋಡಿ ಕಣ್ಣು ಒದ್ದೆಯಾಯಿತು. ಯಲ್ಲಾಪುರ, ಸಿದ್ದಾಪುರ, ಶಿರಸಿಗಳ ಅಡಿಗೆಮನೆಯಲ್ಲಿ ಅಡಗಿದ ಸೂರ್ಯರಕ್ಷಕ ಗುಣಗಳ ಬಗ್ಗೆ ಒಂದು ದೀರ್ಘ ಲೇಖನದ ಮೊದಲ ಪುಟವನ್ನೂ ಬರೆದೆ. ಮೊದಲ ಪುಟ ಎಂದರೆ ನನ್ನ ಹೆಸರು ಮತ್ತು ಕೃತಜ್ಞತೆಗಳು. ಮನೆಯಲ್ಲಿ ಊಟಕ್ಕೆ ಕೂತಾಗ ಸುಮನಾ ಸೌಟು ಹಿಡಿದು ನಿಂತು ಕೇಳಿದಳು: "ಅಪ್ಪೆಹುಳಿ ಅನ್ನಕ್ಕೆ ಬಡಿಸವ, ಮುಖಕ್ಕೆ ಹಚ್ಚವ?" ವಿಜ್ಞಾನದ ಚರಿತ್ರೆಯಲ್ಲಿ ಹೆಂಡಂದಿರ ಇಂಥ ಮಾತುಗಳನ್ನು ಯಾರೂ ದಾಖಲಿಸಿಲ್ಲ, ಅದು ಒಳ್ಳೆಯದೇ.

ಮೇಳದ ಹಿಂದಿನ ದಿನ ಶನಿವಾರ. ಕ್ಯಾಂಟೀನಿನ ಚಾವನ್ನು ಯಂತ್ರದೊಳಗೆ ಇಟ್ಟು ಗೋಡೆ ಎದ್ದಿದ್ದನ್ನು ನೋಡಿ ಆನಂದಿಸುತ್ತಿದ್ದೆ. ರಜಾಕ್ ಸಾಹೇಬರು ಪಕ್ಕದಲ್ಲಿ ಬೀಕರು ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದರು.

"ಸರ್, ಬರೀ ನೀರು ಇಟ್ಟು ನೋಡಿದ್ರಾ?"

"ನೀರು ಏನು ಹೀರುತ್ತದೆ ಸಾಹೇಬ್ರೆ? ಏನೂ ಇಲ್ಲ."

"ಅದಕ್ಕೇ ಕೇಳಿದ್ದು ಸರ್. ಒಂದ್ಸಲ ಇಟ್ಟು ನೋಡುವಾ."

ಎರಡೂ ಕೊಳವೆಗಳಲ್ಲಿ ಭಟ್ಟಿ ಇಳಿಸಿದ ಶುದ್ಧ ನೀರು ತುಂಬಿ ಒಳಗಿಟ್ಟೆವು. ಒಂದೇ ನೀರು, ಎರಡು ಕಡೆ. ವ್ಯತ್ಯಾಸ ಸೊನ್ನೆ ಬರಬೇಕು. ಗೆರೆ ಸೊನ್ನೆಯಲ್ಲೇ ಸೌಮ್ಯವಾಗಿ ನಡೆದುಕೊಂಡು ಬಂದು, ಅದೇ ಜಾಗದಲ್ಲಿ, ಅದೇ ರೀತಿ, ಸೀದಾ ಮೇಲಕ್ಕೆ ಹೋಗಿ ಅಂಟಿಕೊಂಡಿತು. ನೀರೂ ಬಿಸಿಲು ಕುಡಿಯಿತು! ನನ್ನ ಲೆಕ್ಕದ ಪ್ರಕಾರ ಇನ್ನು ಮುಂದೆ ಮುಖ ತೊಳೆದುಕೊಂಡರೆ ಸಾಕು, ಮರುಭೂಮಿಗೆ ಹೋಗಬಹುದು.

ರಜಾಕ್ ಸಾಹೇಬರು ಕೊಳವೆಗಳನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಕ್ವಾರ್ಟ್ಜಿಂದು, ನೇರಳಾತೀತ ಬಿಡ್ತದೆ. ಪರೀಕ್ಷೆ ಕಡೆ ಇಟ್ಟ ಇದು ಗಾಜಿಂದು. ಗಾಜು ನೇರಳಾತೀತ ಬಿಡೂದಿಲ್ಲ, ನೀವೇ ಪಾಠದಲ್ಲಿ ಹೇಳ್ತೀರಿ."

"ಗಾಜಿನದು ಇಲ್ಲಿಗೆ ಹೇಗೆ ಬಂತು?"

ಅವರು ಮೊದಲು ಎರಡೂ ಕೊಳವೆಗಳನ್ನು ನಿಧಾನವಾಗಿ ಒರೆಸಿದರು. ಉತ್ತರ ಗೊತ್ತಿಲ್ಲದ್ದಕ್ಕಲ್ಲ, ಗೊತ್ತಿದ್ದಕ್ಕೆ. "ಹೋದ ವರ್ಷ ಫೋನಲ್ಲಿ ಮಾತಾಡ್ತಾ ಒಂದು ಕ್ವಾರ್ಟ್ಜು ಒಡೆದ್ರಲ್ಲ ಸರ್. ಆಗ ನೀವೇ ಹೇಳಿದ್ರಿ, ಮಕ್ಕಳದ್ದು ಬರೀ ಬಣ್ಣದ ದ್ರಾವಣ, ಸದ್ಯ ಗಾಜಿಂದು ಇಡಿ, ನಡೀತದೆ ಅಂತ."

ಹೇಳಿದ್ದು ನಿಜ. ಬಣ್ಣದ ದ್ರಾವಣಕ್ಕೆ ನಡೆಯುತ್ತದೆ ಎಂಬುದೂ ನಿಜ. ಕಣ್ಣಿಗೆ ಕಾಣುವ ಬೆಳಕಿಗೆ ಗಾಜು ಸಲೀಸಾಗಿ ದಾರಿ ಬಿಡುತ್ತದೆ. ನೇರಳಾತೀತಕ್ಕೆ ಬಿಡುವುದಿಲ್ಲ. ವಾರವಿಡೀ ಬೆಳಕು ಕುಡಿದದ್ದು ಕ್ರೀಮೂ ಅಲ್ಲ, ಅಪ್ಪೆಹುಳಿಯೂ ಅಲ್ಲ. ಗಾಜು. ನಾನು ಒಂದು ವಾರ ಗಾಜನ್ನು ಪರೀಕ್ಷಿಸಿ ಅದನ್ನು ಹೊಗಳಿದ್ದೆ. ಉಳಿದ ಒಂದೇ ಕ್ವಾರ್ಟ್ಜ್ ಕೊಳವೆಯಲ್ಲಿ ಮೊದಲು ಬರೀ ದ್ರಾವಕ, ಆಮೇಲೆ ಕ್ರೀಮು ಇಟ್ಟು ರಜಾಕ್ ಸಾಹೇಬರೇ ಮತ್ತೆ ಅಳೆದರು. ಅರಿಶಿನದ ದಿಬ್ಬ ಬಂತು. ಅದು ನೀಲಿ ನೇರಳೆ ಬೆಳಕನ್ನು ಹೀರುವುದರಿಂದಲೇ ನಮಗೆ ಹಳದಿ ಕಾಣುವುದು. ಅದರಾಚೆ, ಚರ್ಮ ಸುಡುವ ಕಿರಣಗಳು ಇರುವಲ್ಲಿ, ಗೆರೆ ಸುಗ್ಗಿ ಮುಗಿದ ಗದ್ದೆಯ ಹಾಗೆ ಹೆಚ್ಚುಕಡಿಮೆ ಬಯಲಾಗಿ ಮಲಗಿತ್ತು.

ಅತ್ತಿಗೆಗೆ ಫೋನು ಮಾಡಿದೆ. ಹೆಗ್ಗರಣೆಯಲ್ಲಿ ಅವರ ಫೋನಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ. ಹಿಂದಿನ ಸಲ ಫಲಿತಾಂಶಕ್ಕಾಗಿ ಎಲ್ಲರೂ ಅಲ್ಲೇ ಕಾದು ನಿಂತಿದ್ದರು. ಈ ಸಲ ಎಂಟೂ ಜನ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರಂತೆ, ಕಲ್ಲು ಹತ್ತಲು ಯಾರಿಗೆ ಪುರುಸೊತ್ತು? ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಸುಮನಾಳ ಜೊತೆ ಸಿದ್ದಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಏನು ಹೇಳಲಿ, ಹೇಗೆ ಹೇಳಲಿ ಎಂದು ಯೋಚಿಸಿದೆ. ಹೇಳದೇ ಇದ್ದರೆ ಹೇಗೆ ಎಂದೂ ಯೋಚಿಸಿದೆ. ಹಿತವಾದ ಕ್ರೀಮು, ಯಾರಿಗೇನು ನಷ್ಟ? ಸುಮನಾ ಕಿಟಕಿಯ ಕಡೆ ನೋಡುತ್ತಲೇ, "ಅಕ್ಕ ಇದನ್ನ ನಂಬಿ ಮುಂಡಾಸಿಲ್ದೆ ಹಪ್ಪಳ ಒಣಗ್ಸಲೆ ಕೂತ್ಕತ್ತು" ಎಂದಳು. ಮುಂದೆ ನಾನು ಯೋಚಿಸಲಿಲ್ಲ.

ಮೇಳದ ಬಯಲಿನಲ್ಲಿ ಎಲ್ಲ ಅಂಗಡಿಗಳ ಮುಂದೆ ಇಬ್ಬರು ಮೂವರು ಇದ್ದರೆ ಅತ್ತಿಗೆಯ ಮುಂದೆ ಗುಂಪೇ ಇತ್ತು. ಹತ್ತಿರ ಹೋದಾಗ ದನಿ ಕೇಳಿಸಿತು. "ಎಲೆಕ್ಟ್ರಾನು ಹೇಳಿ ಒಂದು ಇರ್ತು. ಕಣ್ಣಿಗೆ ಕಾಣ್ತಿಲ್ಲೆ. ಮೆಟ್ಟಿಲ ಮೇಲೆ ಸುಮ್ಮಂಗೆ ಕೂತಿರ್ತು. ಬಿಸಿಲು ಬಂದು ತಟ್ಟಿದ ಕೂಡ್ಲೆ..." ಅತ್ತಿಗೆ ಚಪ್ಪಾಳೆ ಹೊಡೆದು ತಾವೇ ಒಂದು ಗೇಣು ಹಾರಿದರು, "ಹಾರ್ತು! ಬಿಸಿಲು ಅಲ್ಲೇ ಖರ್ಚಾತು! ಮುಖಕ್ಕೆ ಎಂತ ಉಳತ್ತು? ಎಂತದೂ ಇಲ್ಲೆ!" ಗುಂಪಿನ ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದರು. ಒಬ್ಬಾಕೆಯ ಸೊಂಟದ ಮೇಲಿದ್ದ ಮಗುವೂ ಚಪ್ಪಾಳೆ ಹೊಡೆಯಿತು. ನಾನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾರಿ ತೋರಿಸಿರಲಿಲ್ಲ. ನನ್ನ ತರಗತಿಗಳು ಏಕೆ ನಿದ್ದೆ ಹೋಗುತ್ತವೆ ಎಂಬುದು ಸಿದ್ದಾಪುರದಲ್ಲಿ ತಿಳಿಯಿತು.

"ಹೋ, ಬಂದ ನೋಡಿ ಪ್ರೊಫೆಸರ್ ಭಾವ!" ಎಂದರು ಅತ್ತಿಗೆ. ಎಲ್ಲರೂ ತಿರುಗಿದರು. ಶಾಲೆಯ ಶಿಕ್ಷಕಿಯಂತೆ ಕಂಡ ಒಬ್ಬರು ಕೈಯಲ್ಲಿ ಸೀಸೆ ಹಿಡಿದು, "ಸರ್, ನನ್ನ ಮಗಳು ಓಟದ ಸ್ಪರ್ಧೆಗೆ ಹೋಗ್ತಾಳೆ. ಇಡೀ ದಿನ ಬಯಲಲ್ಲಿ ಇರ್ಬೇಕು. ಇದೊಂದು ಹಚ್ಚಿದ್ರೆ ಸಾಕಲ್ವಾ?" ಎಂದು ಕೇಳಿದರು.

ಸಾಕು ಎನ್ನಲು ಒಂದೇ ಶಬ್ದ ಸಾಕಿತ್ತು. ಸುಮನಾ ಹಿಂದಿನಿಂದ ನನ್ನ ಬೆನ್ನಿಗೆ ಒಂದು ಬೆರಳು ಒತ್ತಿದಳು. "ಸಾಕಾಗುವುದಿಲ್ಲ" ಎಂದೆ. "ಇದು ಬಿಸಿಲು ತಡೆಯುವುದಿಲ್ಲ. ತಪ್ಪು ನಂದು. ನಾನು ಗಾಜಿನ ಕೊಳವೆಯಲ್ಲಿ ಇಟ್ಟು ಅಳೆದೆ." ಎಲ್ಲವನ್ನೂ ಹೇಳಿದೆ, ಅಪ್ಪೆಹುಳಿಯನ್ನೂ ಬಿಡಲಿಲ್ಲ. ನೀರಿನ ವಿಷಯ ಬಂದಾಗ ಯಾರೋ ಕಿಸಕ್ಕನೆ ನಕ್ಕರು.

ಅತ್ತಿಗೆಯ ಮುಖ ನೋಡುವ ಧೈರ್ಯ ಇರಲಿಲ್ಲ. ಅವರು ನಿಧಾನವಾಗಿ ಕೇಳಿದರು. "ಭಾವ, ಸಮಾ ಹೇಳು. ನೀರು ಇಟ್ರೂ ಹಿಂಗೇ ಬಂತ?"

"ಬಂತು."

"ಹಂಗಾರೆ ಬಿಸಿಲು ಕುಡದ್ದು ಗಾಜು?"

"ಗಾಜು."

ಅತ್ತಿಗೆ ಒಂದು ಸೀಸೆ ಎತ್ತಿ ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಸೀಸೆನೂ ಗಾಜಿಂದೇ. ಹಂಗಾರೆ ಒಳಗಿದ್ದ ಕ್ರೀಮು ಮಾತ್ರ ಎಷ್ಟು ಬಿಸಿಲಲ್ಲಿ ಇಟ್ರೂ ಕಪ್ಪಾಗ್ತಿಲ್ಲೆ!" ಎಂದವರೇ ಗಹಗಹಿಸಿ ನಗತೊಡಗಿದರು. ಗುಂಪು ನಕ್ಕಿತು. ಶಿಕ್ಷಕಿ ಮೇಜು ಹಿಡಿದುಕೊಂಡು ನಕ್ಕರು. ಹಪ್ಪಳದ ಏಳು ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು, ನನ್ನ ಹೆಂಡತಿ ಸೆರಗನ್ನೂ ಇಟ್ಟುಕೊಳ್ಳದೆ ನಕ್ಕಳು. ನನಗೆ ಅಳು ಬರುವುದೋ ನಗು ಬರುವುದೋ ಎಂದು ಕಾದೆ. ನಗುವೇ ಬಂತು, ಮತ್ತೆ ನಿಲ್ಲಲಿಲ್ಲ.

ನಗು ಇಳಿದ ಮೇಲೆ ಅತ್ತಿಗೆ ಕಣ್ಣೊರೆಸಿಕೊಂಡು ಗುಂಪಿಗೆ ಹೇಳಿದರು: "ಬಿಸಿಲಿಗೆ ಕೊಡೆ ಹಿಡೀರಿ. ಇದು ಹಿಮ್ಮಡಿ ಒಡಕಿಗೆ ಮುರುಗಲು ತುಪ್ಪ. ಅದಕ್ಕೆ ನಮ್ಮ ಅಜ್ಜಿ ಕಾಲದಿಂದ್ಲೂ ಆಗ್ತು, ಯಂತ್ರ ಬ್ಯಾಡ." ಮೊದಲು ಕೈ ಮುಂದೆ ಮಾಡಿದ್ದು ಆ ಶಿಕ್ಷಕಿ. ದಿನವಿಡೀ ತರಗತಿಯಲ್ಲಿ ನಿಂತು ನಿಂತು ಅವರ ಹಿಮ್ಮಡಿ ಒಡೆದಿತ್ತಂತೆ. ಇಷ್ಟು ಜನರ ಎದುರು ಇದಾಗುವುದಿಲ್ಲ ಎಂದು ಒಪ್ಪಿಕೊಂಡವರು ಇನ್ನೊಂದು ಆಗುತ್ತದೆ ಎಂದರೆ ನಂಬಬಹುದು ಎಂಬುದು ಅವರ ವಾದ. ಉಳಿದವರಿಗೂ ಅದು ಸರಿಯೆನಿಸಿತು.

ಆದರೆ ಚೀಟಿಗಳು? ಅತ್ತಿಗೆ ನನ್ನ ಕೈಗೆ ಒಂದು ದಪ್ಪ ಕಪ್ಪು ಪೆನ್ನು ಕೊಟ್ಟು, ನೆರಳಿಲ್ಲದ ಮೂಲೆಯಲ್ಲಿ ಒಂದು ಸ್ಟೂಲು ತೋರಿಸಿದರು. ಒಂದೊಂದೇ ಸೀಸೆ ಎತ್ತಿಕೊಂಡು "ಬಿಸಿಲು ಕುಡಿಯುವ" ಎಂಬುದನ್ನು ಹೊಡೆದು "ಹಿಮ್ಮಡಿಯ" ಎಂದು ಬರೆದೆ, ಗೆರೆಯ ಚಿತ್ರಕ್ಕೆ ಕಾಟು ಹಾಕಿದೆ. ನನ್ನ ಹೆಸರನ್ನೂ ಹೊಡೆಯಲು ಹೊರಟಾಗ, "ಅದಿರ್ಲಿ ಭಾವ, ಜನಕ್ಕೆ ಗೊತ್ತಾಗ್ಲಿ" ಎಂದರು. ಮೂರು ತಾಸು ಬಿಸಿಲಲ್ಲಿ ಕೂತು ಮೂಗು ಕೆಂಪಗಾಗಿ ಉರಿಯತೊಡಗಿತು. ಅತ್ತಿಗೆ ಅದಕ್ಕೂ ಕ್ರೀಮು ಬಳಿದರು. ತಂಪಾಯಿತು, ಸುಳ್ಳು ಹೇಳಬಾರದು. ಹಳದಿ ಮೂಗಿನಲ್ಲೇ ಬಸ್ಸು ಹತ್ತಿದೆ.

ಹೋದ ವಾರ ಹೆಗ್ಗರಣೆಯಿಂದ ಬಸ್ಸಿನವರ ಕೈಯಲ್ಲಿ ಒಂದು ಸಣ್ಣ ಗಂಟು ಬಂತು. ಬಿಚ್ಚಿದರೆ ಹೊಸ ಸೀಸೆ. ಅತ್ತಿಗೆ ಸುಮ್ಮನೆ ಕೂರುವವರಲ್ಲ. ಕಾಡಿನ ಯಾವುದೋ ತೊಗಟೆ ಕುದಿಸಿ ಮತ್ತೊಂದು ಕ್ರೀಮು ಮಾಡಿದ್ದಾರೆ. ನಾನು ಉತ್ಸಾಹದಿಂದ ಕನ್ನಡಕ ಹಾಕಿಕೊಂಡು ಮೇಲಿನ ಬರಹ ಓದಿದೆ. ಅತ್ತಿಗೆಯದೇ ದುಂಡನೆಯ ಅಕ್ಷರ: "ರಜಾಕ್ ಸಾಹೇಬರಿಗೆ, ಪರೀಕ್ಷೆಗಾಗಿ. ಭಾವನ ಮುಖಾಂತರ. ಭಾವ ತೆರೆಯಬಾರದು."

ನಾನು ತೆರೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟೆ. ರಜಾಕ್ ಸಾಹೇಬರು ಬರಹವನ್ನು ಎರಡು ಸಲ ಓದಿ, ನಗದೆ, ಕೈ ತೊಳೆದುಕೊಂಡು ಬಂದು ಯಂತ್ರದ ಮುಸುಕು ತೆಗೆದರು. "ಸರ್, ನೀವು ಆ ಬಾಗಿಲ ಹತ್ರ ನಿಂತು ನೋಡಿ" ಎಂದರು. ನಿಂತು ನೋಡಿದೆ. ಅಲ್ಲಿಂದಲೂ ಚೆನ್ನಾಗಿಯೇ ಕಾಣುತ್ತದೆ.